ನೂರೈವತ್ತು ರೂಪಾಯಿ ಶರ್ಟು, ಅಮ್ಮನ ಹೊಲಿಗೆ ಮಷಿನ್ನು: ಹಳೇ ಬಟ್ಟೆ ಆರಿಸೋದು, ಸರಿ ಮಾಡ್ಕೊಳ್ಳೋದು ಹೇಗೆ?

(ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಓದಬಹುದು, ಕೇಳಿದವರು ಅಳತೆಗಳನ್ನ ಮತ್ತೊಮ್ಮೆ ನೋಡ್ಕೊಳ್ಳಬಹುದು.)

ನೀವೀಗ ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೊದಲ್ಲೋ ಇರಬಹುದು. ಒಂದು ಸಣ್ಣ ಕೆಲಸ ಮಾಡಿ. ಮೈಮೇಲಿರೋ ಶರ್ಟೋ ಕುರ್ತಾನೋ ಇದೆಯಲ್ಲ, ಅದರ ತೋಳಿನ ತುದಿಯನ್ನ ಸ್ವಲ್ಪ ಮಡಚಿ ಒಳಗಡೆ ನೋಡಿ. ಒಂದು ಹೊಲಿಗೆ ಸಾಲು ಕಾಣುತ್ತೆ. ಆ ಸಾಲನ್ನ ಯಾರೋ ಒಬ್ಬರು ಕೂತು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಹೊಲಿದಿದ್ದಾರೆ. ಕರೆಂಟಿನ ಮಷಿನ್ ಇದ್ರೂ ಬಟ್ಟೆಯನ್ನ ಸೂಜಿ ಕೆಳಗೆ ನಡೆಸೋದು ಮನುಷ್ಯರ ಕೈಯೇ.

ನಮ್ಮ ಮನೇಲಿ ಆ ಕೈ ಅಮ್ಮಂದು. ಅಮ್ಮ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ಗೆ ಹದಿನಾಲ್ಕು ವರ್ಷ ಹೋದ್ರು. ಹದಿನಾಲ್ಕು ವರ್ಷವೂ ಅವರು ಹೊಲಿದಿದ್ದು ಕಾಲರ್ ಮಾತ್ರ. ಒಬ್ಬರು ಕಾಲರ್, ಒಬ್ಬರು ಜೇಬು, ಒಬ್ಬರು ತೋಳು, ಒಬ್ಬರು ಕಾಜ. ಹೀಗೆ ಸಾಲಾಗಿ ಕೂತು, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಮುಗಿಸಬೇಕು. ಎಷ್ಟು ಸಾವಿರ ಕಾಲರ್ ಹೊಲಿದ್ರೋ ಲೆಕ್ಕ ಇಲ್ಲ. ಆದ್ರೆ ಒಂದು ಪೂರ್ತಿ ಶರ್ಟನ್ನ ಅಮ್ಮ ಒಬ್ಬರೇ ಯಾವತ್ತೂ ಹೊಲಿದಿರಲಿಲ್ಲ. ಈ ವಿಷಯ ನನಗೆ ಗೊತ್ತಾಗಿದ್ದು ಹೋದ ವರ್ಷ, ಒಂದು ನೂರೈವತ್ತು ರೂಪಾಯಿ ಶರ್ಟಿನಿಂದ. ಇವತ್ತಿನ ಮಾತು ಅಲ್ಲಿಂದಲೇ ಶುರು.

ಅಗ್ಗದ ಬಟ್ಟೆ ಬರೋದು ಎಲ್ಲಿಂದ?

ಆ ಶರ್ಟ್ ತಂದಿದ್ದು ಬೆಂಗಳೂರಿನ ಸಂಡೇ ಬಜಾರ್‌ನಿಂದ. ಚಿಕ್ಕಪೇಟೆ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು, ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆ, ಎಸ್‌ಜೆಪಿ ರಸ್ತೆ ಕಡೆ ನಡೆದ್ರೆ ಸಾಕು. ಹಳೇ ಗಡಿಯಾರ, ಸ್ಪ್ಯಾನರ್, ಶೂ, ಅದರ ಪಕ್ಕದಲ್ಲಿ ಟಾರ್ಪಾಲ್ ಮೇಲೆ ಗುಡ್ಡೆ ಹಾಕಿದ ಬಟ್ಟೆ. ಕೆಲವರು ಇದನ್ನ ಚೋರ್ ಬಜಾರ್ ಅಂತಾನೂ ಕರೀತಾರೆ.

ಮನೆಗೆ ತಂದು ತೋರಿಸಿದಾಗ ಅಮ್ಮನ ಮುಖ ಸಪ್ಪಗಾಯ್ತು.

"ಯಾರು ಹಾಕಿ ಬಿಟ್ಟಿದ್ದೋ ಏನೋ. ನಮಗೇನು ಗತಿ ಇಲ್ವೇನೇ?" ಅಂದ್ರು.

ಈ ಮಾತು ಬಹಳ ಮನೆಗಳಲ್ಲಿ ಬರುತ್ತೆ. ನಾವು ಥ್ರಿಫ್ಟ್ ಅಂತ ಹೆಸರಿಟ್ಟು ಸ್ಟೋರಿ ಹಾಕೋ ಬಟ್ಟೆ, ಅವರ ಪಾಲಿಗೆ ಬಡತನದ ನೆನಪು. ಅಕ್ಕನ ಲಂಗ ತಂಗಿಗೆ, ಕೆಲಸಕ್ಕೆ ಹೋದ ಮನೆಯವರ ಹಳೇ ಸೀರೆ ತನಗೆ ಅಂತ ಬೆಳೆದವರಿಗೆ, ಮಗಳು ಸಂಬಳ ತಗೊಂಡು ಮತ್ತೆ ಹಳೇ ಬಟ್ಟೆನೇ ತಂದ್ರೆ ಹೇಗನ್ನಿಸುತ್ತೆ ಹೇಳಿ. ನಾನು ವಾದ ಮಾಡಲಿಲ್ಲ. ಅಮ್ಮ ಬೈತಾ ಬೈತಾನೇ ಶರ್ಟನ್ನ ಒಳಗೆ ಹೊರಗೆ ಮಾಡಿ, ಲೈಟಿಗೆ ಹಿಡಿದ್ರು. ಅಭ್ಯಾಸ. ಆಮೇಲೆ, "ಇದು ಯಾರೂ ಹಾಕಿದ್ದಲ್ಲ ಕಣೇ. ರಿಜೆಕ್ಟ್ ಪೀಸು" ಅಂದ್ರು.

ಅಗ್ಗದ ಬಟ್ಟೆ ಅಂದ್ರೆ ಎಲ್ಲ ಒಂದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಮುಖ್ಯವಾಗಿ ಮೂರು ಬಗೆ.

ಒಂದು, ಎಕ್ಸ್‌ಪೋರ್ಟ್ ಸರ್‌ಪ್ಲಸ್. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಫ್ಯಾಕ್ಟರಿಗಳು ಹೊರದೇಶದ ಬ್ರ್ಯಾಂಡ್‌ಗಳಿಗೆ ಹೊಲಿಯುತ್ತವೆ. ಹಾಳಾದ್ರೆ ಇರಲಿ ಅಂತ ಆರ್ಡರ್‌ಗಿಂತ ಸ್ವಲ್ಪ ಜಾಸ್ತಿ ಹೊಲಿಯೋದು ರೂಢಿ. ಉಳಿದಿದ್ದು ಇಲ್ಲಿನ ಮಾರುಕಟ್ಟೆಗೆ ಬರುತ್ತೆ. ಕಾಲರ್ ಹಿಂದಿನ ಲೇಬಲ್ ಕತ್ತರಿಸಿದ್ರೆ ಅಥವಾ ಅದರ ಮೇಲೆ ಮಾರ್ಕರ್‌ನಲ್ಲಿ ಗೀಟು ಎಳೆದಿದ್ರೆ ಹೆಚ್ಚಾಗಿ ಇದೇ.

ಎರಡು, ರಿಜೆಕ್ಟ್. ಎಲ್ಲೋ ಒಂದು ಹೊಲಿಗೆ ತಪ್ಪಿದೆ, ಎರಡು ತೋಳಿನ ಉದ್ದದಲ್ಲಿ ವ್ಯತ್ಯಾಸ ಇದೆ, ಎಣ್ಣೆ ಕಲೆ ಆಗಿದೆ. ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದ ಪೀಸು. ಬಟ್ಟೆ ಹೊಸದೇ.

ಮೂರು, ನಿಜವಾಗಿ ಯಾರೋ ಹಾಕಿದ್ದು. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋರು ಬೀದಿಗೆ ಬರ್ತಿದ್ರಲ್ಲ, ಆ ಬಟ್ಟೆ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಚೆನ್ನಾಗಿರೋದನ್ನ ರಿಪೇರಿ ಮಾಡಿ, ಒಗೆದು, ಇಸ್ತ್ರಿ ಹಾಕಿ ಮಾರ್ತಾರೆ. ಹಾಕೋಕೆ ಆಗದ್ದು ಗ್ಯಾರೇಜು, ಪ್ರೆಸ್‌ಗಳಲ್ಲಿ ಒರೆಸೋ ಬಟ್ಟೆ ಆಗುತ್ತೆ. ಹೊರದೇಶದಿಂದ ಬರೋ ಹಳೇ ಉಣ್ಣೆ ಬಟ್ಟೆ ಹರಿಯಾಣದ ಪಾಣಿಪತ್‌ಗೆ ಹೋಗುತ್ತೆ. ಅಲ್ಲಿ ಅದನ್ನ ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಕಂಬಳಿ ನೇಯ್ತಾರೆ.

ಇನ್‌ಸ್ಟಾಗ್ರಾಂನ ಥ್ರಿಫ್ಟ್ ಪೇಜ್‌ಗಳಲ್ಲೂ ಈ ಮೂರೂ ಬಗೆ ಇರುತ್ತೆ. ಒಗೆದು, ಒಳ್ಳೆ ಫೋಟೊ ತೆಗೆದು ಹಾಕಿದ್ದಕ್ಕೆ ಬೆಲೆ ಜಾಸ್ತಿ. ಅದು ತಪ್ಪಲ್ಲ, ಅವರೂ ಕೆಲಸ ಮಾಡಿರ್ತಾರೆ. ನಾವು ಏನಕ್ಕೆ ದುಡ್ಡು ಕೊಡ್ತಿದ್ದೀವಿ ಅನ್ನೋದು ಗೊತ್ತಿದ್ರೆ ಸಾಕು.

ಅಮ್ಮನ ಚೆಕಿಂಗ್

ಮುಂದಿನ ಭಾನುವಾರ ಅಮ್ಮನನ್ನೂ ಕರ್ಕೊಂಡು ಹೋದೆ. ಒಲ್ಲೆ ಅಂತಾನೇ ಬಂದ್ರು. ಅವರು ಬಟ್ಟೆ ಆರಿಸೋದು ನೋಡಿದ್ರೆ ಬೆಲೆ, ಬಣ್ಣ ಎಲ್ಲ ಆಮೇಲೆ. ಮೊದಲು ಮಾಡೋದು ಐದು ಕೆಲಸ.

ಮೊದಲನೇದು, ಒಳಗೆ ಹೊರಗೆ ಮಾಡಿ ನೋಡೋದು. ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಇದೆ ಅಂತ ಎಣಿಸಿ. ಶರ್ಟಿಗೆ ಹನ್ನೆರಡು, ಹದಿನಾಲ್ಕು ಇದ್ರೆ ಗಟ್ಟಿ. ಏಳೆಂಟು ಇದ್ರೆ ಅವಸರದಲ್ಲಿ ಹೊಲಿದಿದ್ದು, ಬೇಗ ಬಿಚ್ಚುತ್ತೆ.

ಎರಡನೇದು, ಬೆಳಕಿಗೆ ಹಿಡಿಯೋದು. ಪ್ಯಾಂಟಾದ್ರೆ ಕೂರೋ ಜಾಗ ಮತ್ತು ತೊಡೆ, ಶರ್ಟಾದ್ರೆ ಮೊಣಕೈ. ಅಲ್ಲಿ ಬೆಳಕು ಜಾಸ್ತಿ ತೂರಿ ಬಂದ್ರೆ ಎಳೆ ಸವೆದಿದೆ ಅಂತ ಅರ್ಥ. ಇನ್ನು ಮೂರು ತಿಂಗಳಲ್ಲಿ ಹರಿಯುತ್ತೆ.

ಮೂರನೇದು, ಕಂಕುಳ ಮತ್ತು ಕಾಲರ್‌ನ ಮಡಿಕೆ. ಹಳದಿ ಕಲೆ ಗಟ್ಟಿಯಾಗಿ ಕೂತಿದ್ರೆ ಬಿಟ್ಟುಬಿಡಿ.

ನಾಲ್ಕನೇದು, ಜಿಪ್. ಮೂರು ಸಲ ಮೇಲೆ ಕೆಳಗೆ ಎಳೀರಿ. ಗುಂಡಿ ಇಲ್ಲದಿದ್ರೆ ಪರವಾಗಿಲ್ಲ, ಹಾಕ್ಕೊಳ್ಳಬಹುದು. ಹೊಸಬರು ಜಿಪ್ ಬದಲಾಯಿಸೋದು ಕಷ್ಟ.

ಐದನೇದು, ಟೇಪು. ಸೈಜ್ ಲೇಬಲ್ ನಂಬಬೇಡಿ. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಸ್ ಇದ್ದ ಹಾಗೆ. ಮನೆಯಲ್ಲಿ ನಿಮಗೆ ಸರಿಯಾಗಿ ಕೂರೋ ಶರ್ಟೊಂದನ್ನ ನೆಲದ ಮೇಲೆ ಹರಡಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿನವರೆಗೆ, ಒಂದು ಭುಜದ ಹೊಲಿಗೆಯಿಂದ ಇನ್ನೊಂದರವರೆಗೆ, ಮತ್ತೆ ಉದ್ದ. ಮೂರು ಅಳತೆ ಫೋನ್‌ನಲ್ಲಿ ಬರೆದಿಟ್ಕೊಳ್ಳಿ. ಬಜಾರಲ್ಲಿ ಟ್ರಯಲ್ ರೂಮ್ ಇರಲ್ಲ, ಆನ್‌ಲೈನ್‌ನಲ್ಲಿ ಅಂತೂ ಇರೋದೇ ಇಲ್ಲ. ಈ ಮೂರು ಅಂಕಿಯೇ ನಿಮ್ಮ ಟ್ರಯಲ್ ರೂಮ್.

ಚೌಕಾಸಿ ಬಗ್ಗೆ ಒಂದೇ ಮಾತು. ಬೆಳಗ್ಗೆ ಬೇಗ ಹೋದ್ರೆ ಒಳ್ಳೆ ಬಟ್ಟೆ ಸಿಗುತ್ತೆ, ಗಂಟುಮೂಟೆ ಕಟ್ಟೋ ಹೊತ್ತಿಗೆ ಹೋದ್ರೆ ಒಳ್ಳೆ ರೇಟ್ ಸಿಗುತ್ತೆ. ಎರಡೂ ಒಟ್ಟಿಗೆ ಸಿಗೋದು ಕಡಿಮೆ.

ಮನೆಗೆ ತಂದ ಮೇಲೆ ಹಾಕೋಕೆ ಮೊದಲು ಒಗೀಲೇಬೇಕು. ಹತ್ತಿಯದ್ದಾದ್ರೆ ಬಿಸಿನೀರಲ್ಲಿ ನೆನೆಸಿ, ಸೋಪಿನ ಪುಡಿ ಹಾಕಿ ಒಗೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಬಣ್ಣ ಬಿಡಬಹುದು, ಹಾಗಾಗಿ ಮೊದಲನೇ ಸಲ ಬೇರೆಯಾಗೇ ಒಗೀರಿ. ನುಸಿಗುಳಿಗೆ ವಾಸನೆ ಹೋಗೋಕೆ ಎರಡು ಮೂರು ದಿನ ಗಾಳಿಗೆ ಹಾಕಬೇಕು. ಹಳೇ ಹತ್ತಿ ಬಟ್ಟೆಯ ಒಂದು ಲಾಭ ಏನಂದ್ರೆ, ಅದು ಕುಗ್ಗೋದು ಈಗಾಗಲೇ ಕುಗ್ಗಿಬಿಟ್ಟಿರುತ್ತೆ. ಹೊಲಿದ ಮೇಲೆ ಚಿಕ್ಕದಾಗೋ ಭಯ ಇಲ್ಲ.

ಯಾವ ತಪ್ಪು ಸರಿಹೋಗುತ್ತೆ, ಯಾವುದು ಹೋಗಲ್ಲ

ಬಟ್ಟೆ ಅಗ್ಗ ಅಂತ ತಂದು, ಸರಿ ಮಾಡ್ತೀನಿ ಅಂತ ಬೀರುವಿನಲ್ಲಿ ಇಟ್ಟು, ವರ್ಷ ಆದ್ರೂ ಮುಟ್ಟದೇ ಇರೋದು ನನ್ನ ಹಳೇ ಚಾಳಿ. ಅದಕ್ಕೆ ಈಗ ಒಂದು ನಿಯಮ ಇಟ್ಕೊಂಡಿದ್ದೀನಿ. ನನಗೆ ಬರೋ ಹೊಲಿಗೆಯಿಂದ ಸರಿಹೋಗದ ಬಟ್ಟೆ ತರಲ್ಲ.

ಹೊಸಬರಿಗೆ ಸುಲಭ ಯಾವುದು? ಗುಂಡಿ, ಬಿಚ್ಚಿದ ಹೊಲಿಗೆ, ಉದ್ದ ಕಡಿಮೆ ಮಾಡೋದು, ಪಕ್ಕ ಸ್ವಲ್ಪ ಹಿಡಿಯೋದು, ಲಾಡಿ ಅಥವಾ ಎಲಾಸ್ಟಿಕ್ ಬದಲಾಯಿಸೋದು. ಕಷ್ಟ ಯಾವುದು? ಭುಜ. ಭುಜ ಎರಡು ಇಂಚು ಕೆಳಗೆ ಜಾರ್ತಿದ್ರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು. ಬಿಗಿಯಾದ ಬಟ್ಟೆ ಸಡಿಲ ಮಾಡೋದೂ ಕಷ್ಟ. ನಮ್ಮ ಟೈಲರ್‌ಗಳು ಬ್ಲೌಸಿನ ಒಳಗೆ ಒಂದೆರಡು ಇಂಚು ಮಾರ್ಜಿನ್ ಬಿಟ್ಟಿರ್ತಾರೆ, ದಪ್ಪ ಆದ್ರೆ ಬಿಚ್ಕೋಬಹುದು. ಫ್ಯಾಕ್ಟರಿ ಬಟ್ಟೆಯಲ್ಲಿ ಆ ಜಾಗ ಇರೋದೇ ಇಲ್ಲ. ಹಾಗಾಗಿ ಯಾವಾಗಲೂ ಒಂದು ಸೈಜ್ ದೊಡ್ಡದು ತಗೊಳ್ಳಿ. ಚಿಕ್ಕದನ್ನ ತಗೊಂಡು ಸಣ್ಣ ಆಗ್ತೀನಿ ಅಂತ ಕಾಯಬೇಡಿ.

ನನ್ನ ಶರ್ಟಿನ ತಪ್ಪು ಏನಿತ್ತು ಗೊತ್ತಾ? ಕಾಲರ್. ಎಡಗಡೆ ತುದಿ ಬಲಗಡೆಗಿಂತ ಒಂದು ನೂಲು ಉದ್ದ. ಅಷ್ಟೇ. ನನ್ನ ಕಣ್ಣಿಗೆ ಕಂಡೇ ಇರಲಿಲ್ಲ. ಅಮ್ಮ ಅದನ್ನ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು. "ಇದಕ್ಕೆ ಆ ಹುಡುಗಿ ಬೈಸ್ಕೊಂಡಿರ್ತಾಳೆ" ಅಂದ್ರು. ನಮಗೆ ಸಿಕ್ಕ ಚೀಪ್ ರೇಟ್ ಅನ್ನೋದು ಯಾರೋ ಒಬ್ಬರ ಕೆಟ್ಟ ದಿನ ಆಗಿರಬಹುದು ಅಂತ ನಾನು ಅದುವರೆಗೆ ಯೋಚಿಸಿರಲಿಲ್ಲ.

ಮಷಿನ್ ಮುಂದೆ ಕೂರೋದು

ನಮ್ಮನೇಲಿ ಇರೋದು ಹಳೇ ಕಾಲು ಮಷಿನ್. ಕೆಲಸ ಬಿಟ್ಟ ಮೇಲೆ ಅಮ್ಮ ಅದರ ಮೇಲೆ ಟಿವಿ ಇಟ್ಟಿದ್ರು. ಟಿವಿ ಇಳಿಸಿ, ಎಣ್ಣೆ ಬಿಟ್ಟು, ಬೆಲ್ಟ್ ಬದಲಾಯಿಸಿದ್ವಿ. ನಿಮ್ಮ ಅಜ್ಜಿ ಮನೆಯಲ್ಲೂ ಇಂಥದ್ದೊಂದು ಇರಬಹುದು. ಹೊಸದು ಕೊಳ್ಳೋಕೆ ಮೊದಲು ಅಲ್ಲಿ ವಿಚಾರಿಸಿ.

ಮೊದಲ ಪಾಠ ದಾರ ಇಲ್ಲದೇ. ಗೆರೆ ಇರೋ ನೋಟ್‌ಬುಕ್ ಹಾಳೆ ತಗೊಂಡು, ಸೂಜಿಗೆ ದಾರ ಪೋಣಿಸದೇ, ಗೆರೆ ಮೇಲೇ ಹೊಲೀರಿ. ತೂತುಗಳು ಗೆರೆ ಮೇಲೇ ಬೀಳಬೇಕು. ಕಾಲು ಮಷಿನ್‌ನಲ್ಲಿ ಹೊಸಬರ ಕಷ್ಟ ಒಂದೇ, ಚಕ್ರ ಹಿಂದಕ್ಕೆ ತಿರುಗೋದು. ತಿರುಗಿದ್ರೆ ದಾರ ಪಟ್ ಅಂತ ತುಂಡಾಗುತ್ತೆ. ಚಕ್ರವನ್ನ ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು ಒತ್ತಬೇಕು. ಹಾಳೆ ಮೇಲೆ ಹೊಲಿದ ಸೂಜಿ ಮೊಂಡಾಗುತ್ತೆ. ಬಟ್ಟೆಗೆ ಬೇರೆ ಸೂಜಿ ಹಾಕಿ.

ಸೂಜಿ ಪ್ಯಾಕೆಟ್ ಮೇಲೆ 90/14 ಅಂತ ಏನೋ ಬರೆದಿರುತ್ತೆ. 90 ಅಂದ್ರೆ ಸೂಜಿಯ ದಪ್ಪ 0.90 ಮಿಲಿಮೀಟರ್. 14 ಅನ್ನೋದು ಅದೇ ದಪ್ಪವನ್ನ ಇನ್ನೊಂದು ಪದ್ಧತಿಯಲ್ಲಿ ಹೇಳೋ ನಂಬರ್. ತೆಳು ಬಟ್ಟೆಗೆ 11, ಮಾಮೂಲಿ ಶರ್ಟು ಕುರ್ತಾಗೆ 14, ಜೀನ್ಸಿಗೆ 16. ಟಿ-ಶರ್ಟ್ ಥರ ಹಿಗ್ಗೋ ಬಟ್ಟೆಗೆ ಬಾಲ್‌ಪಾಯಿಂಟ್ ಸೂಜಿ ಅಂತ ಬೇರೆ ಇದೆ. ಆದ್ರೆ ಹೊಸಬರು ಟಿ-ಶರ್ಟ್ ಮುಟ್ಟಲೇಬೇಡಿ. ಅದು ಕೈಯಲ್ಲಿ ನಿಲ್ಲಲ್ಲ. ಹತ್ತಿಯಿಂದ ಶುರು ಮಾಡಿ.

ಇನ್ನೊಂದು ಎಲ್ಲರಿಗೂ ಬರೋ ತಲೆನೋವು. ಹೊಲಿತಾ ಇರ್ತೀರಿ, ಬಟ್ಟೆ ಕೆಳಗೆ ದಾರ ಗುಬ್ಬಚ್ಚಿ ಗೂಡಿನ ಹಾಗೆ ಸುತ್ಕೊಂಡಿರುತ್ತೆ. ಕೆಳಗಡೆ ಗೋಜಲು ಅಂತ ಎಲ್ಲರೂ ಬಾಬಿನ್ ಬೈತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ದಾರ ಪೋಣಿಸುವಾಗ ಬಟ್ಟೆ ಒತ್ತೋ ಪಾದವನ್ನ ಮೇಲೆತ್ತಿರಬೇಕು. ಆಗ ಮಾತ್ರ ಟೆನ್ಷನ್ ಬಿಲ್ಲೆಗಳು ತೆರೆದು ದಾರ ಒಳಗೆ ಕೂರುತ್ತೆ. ಪಾದ ಕೆಳಗಿಟ್ಟು ಪೋಣಿಸಿದ್ರೆ ದಾರಕ್ಕೆ ಹಿಡಿತವೇ ಸಿಗಲ್ಲ, ಎಲ್ಲ ಕೆಳಗೆ ಹೋಗಿ ಗಂಟಾಗುತ್ತೆ. ಪೂರ್ತಿ ಬಿಚ್ಚಿ, ಪಾದ ಎತ್ತಿ, ಮತ್ತೆ ಪೋಣಿಸಿ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತೆ.

ಶುರು ಮಾಡೋಕೆ ಮೂರು ಕೆಲಸ

ಮೊದಲನೇದು ಗುಂಡಿ. ಮಷಿನ್ ಬೇಡ. ಜೋಡಿ ದಾರ, ತುದಿಗೆ ಗಂಟು. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ಹೊಲೀರಿ. ನಾಲ್ಕೈದು ಸುತ್ತು ಆದ ಮೇಲೆ ಕಡ್ಡಿ ಎಳೆದು ತೆಗೆದ್ರೆ ದಾರ ಸ್ವಲ್ಪ ಸಡಿಲ ಇರುತ್ತೆ. ಗುಂಡಿಯನ್ನ ಮೇಲಕ್ಕೆಳೆದು, ಅದರ ಕೆಳಗೆ ದಾರವನ್ನ ಮೂರು ಸುತ್ತು ಸುತ್ತಿ ಗಂಟು ಹಾಕಿ. ಕಾಜದ ಬಟ್ಟೆ ಕೂರೋಕೆ ಈ ಜಾಗ ಬೇಕು. ಇಲ್ಲದಿದ್ರೆ ಗುಂಡಿ ಎಳೆದುಕೊಂಡು ಬಟ್ಟೆ ಸುಕ್ಕಾಗುತ್ತೆ.

ಎರಡನೇದು ಪ್ಯಾಂಟಿನ ಉದ್ದ. ಚಪ್ಪಲಿಯೋ ಶೂನೋ, ಯಾವುದರ ಜೊತೆ ಹಾಕ್ತೀರೋ ಅದನ್ನ ಹಾಕ್ಕೊಂಡೇ ಗುರುತು ಮಾಡಿ. ಗುರುತಿನಿಂದ ಒಂದೂವರೆ ಇಂಚು ಕೆಳಗೆ ಕತ್ತರಿಸಿ. ಮೊದಲು ಅರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ಮಾಡಿ, ಆಮೇಲೆ ಒಂದು ಇಂಚು ಮಡಚಿ ಮತ್ತೆ ಇಸ್ತ್ರಿ. ಈಗ ಹೊಲೀರಿ. ಇಸ್ತ್ರಿ ಬಿಟ್ಟರೆ ಹೊಲಿಗೆ ಡೊಂಕಾಗುತ್ತೆ. ಅಮ್ಮ ಹೇಳೋ ಪ್ರಕಾರ ಹೊಲಿಗೆ ಅರ್ಧ ಮಷಿನ್ನಿಂದು, ಇನ್ನರ್ಧ ಇಸ್ತ್ರಿಪೆಟ್ಟಿಗೆದು.

ಮೂರನೇದು ನನ್ನ ಇಷ್ಟದ್ದು: ಹಳೇ ಶರ್ಟಿನಿಂದ ಕುಶನ್ ಕವರ್. ಜಿಪ್ ಹಾಕೋ ಕಷ್ಟ ಇಲ್ಲ, ಶರ್ಟಿನ ಗುಂಡಿಪಟ್ಟಿಯೇ ಬಾಯಿ. 16 ಇಂಚಿನ ಕುಶನ್‌ಗೆ 17 ಇಂಚಿನ ಚೌಕ ಬೇಕು, ಸುತ್ತ ಅರ್ಧ ಅರ್ಧ ಇಂಚು ಹೊಲಿಗೆಗೆ. ಶರ್ಟಿನ ಗುಂಡಿ ಹಾಕಿ, ಹರಡಿ, ಗುಂಡಿಪಟ್ಟಿ ಮಧ್ಯ ಬರೋ ಹಾಗೆ ಮುಂದಿನದು ಹಿಂದಿನದು ಎರಡನ್ನೂ ಒಟ್ಟಿಗೆ ಕತ್ತರಿಸಿ. ಗುಂಡಿ ಅಂಚಿನ ಹತ್ತಿರ ಬರದ ಹಾಗೆ ನೋಡ್ಕೊಳ್ಳಿ. ಸೂಜಿ ಗುಂಡಿ ಮೇಲೆ ಬಿದ್ರೆ ಮುರಿಯುತ್ತೆ. ಎರಡೂ ತುಂಡಿನ ಹೊರಮೈ ಒಂದಕ್ಕೊಂದು ಮುಖ ಮಾಡೋ ಹಾಗೆ ಇಟ್ಟು, ನಾಲ್ಕೂ ಕಡೆ ಅರ್ಧ ಇಂಚು ಬಿಟ್ಟು ಹೊಲೀರಿ.

ಇಲ್ಲಿ ನಾನು ಮಾಡಿದ ಎಡವಟ್ಟು ನೀವು ಮಾಡಬೇಡಿ. ಎಲ್ಲ ಗುಂಡಿ ಹಾಕಿಯೇ ನಾಲ್ಕೂ ಕಡೆ ಹೊಲಿದುಬಿಟ್ಟೆ. ಗುಂಡಿಗಳೆಲ್ಲ ಒಳಗಡೆ, ನಾನು ಹೊರಗಡೆ. ಬಾಗಿಲು ಹಾಕ್ಕೊಂಡು ಬೀಗದ ಕೈ ಒಳಗೇ ಬಿಟ್ಟಂಗಾಯ್ತು. ಅಮ್ಮ ಅಷ್ಟು ಜೋರಾಗಿ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತೋ. ಹೊಲಿಯೋಕೆ ಮೊದಲು ಮಧ್ಯದ ಎರಡು ಗುಂಡಿ ಬಿಚ್ಚಿಡಿ. ಆಮೇಲೆ ಅಲ್ಲಿಂದ ಕೈ ಹಾಕಿ ಮಗುಚಿದ್ರೆ ಕವರ್ ರೆಡಿ.

ಉಳಿದ ಚೂರುಗಳು

ಕತ್ತರಿಸಿ ಉಳಿದ ಚೂರುಗಳನ್ನ ಎಸೀಬೇಡಿ. ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಇದನ್ನ ಹೇಳಿಕೊಡೋದೇ ಬೇಡ. ಅಲ್ಲಿ ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನ ಸೇರಿಸಿ ಕೌದಿ ಹೊಲೀತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲಿ ಇನ್ನೊಂದು ವಿಶೇಷ. ಅವರು ಅಂಚಿನಿಂದ ಶುರು ಮಾಡಿ, ತುಂಡು ಇಡ್ತಾ, ಸುತ್ತ ಹೊಲಿತಾ ಹೊಲಿತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವಿನಂಥ ಸಣ್ಣ ತುಂಡು ಕೂರಿಸ್ತಾರೆ. ಬೇಕಾಗಿರೋದು ಸೂಜಿ, ದಾರ, ಹಳೇ ಬಟ್ಟೆ. ಹಿಂದೆ ಮುಂದೆ ಹೋಗೋ ಸಾದಾ ಕೈಹೊಲಿಗೆ ಅಷ್ಟೇ. ಮಷಿನ್ ಇಲ್ಲ ಅಂತ ಕೂತವರಿಗೆ ಇದಕ್ಕಿಂತ ಒಳ್ಳೆ ಶುರು ಇಲ್ಲ. ಪೂರ್ತಿ ಕೌದಿ ಬೇಡ, ಒಂದು ಅಡಿ ಚೌಕದ ಮಣೆ ಹಾಸು ಮಾಡಿ ನೋಡಿ.

ಕೊನೆಗೆ ಅಮ್ಮನ ವಿಷಯ. ಕುಶನ್ ಕವರ್ ಆದ ಮೇಲೆ ನಾನು ಸುಮ್ಮನೆ ಕೇಳಿದೆ, "ಅಮ್ಮ, ನೀನೇ ಒಂದು ಶರ್ಟ್ ಹೊಲಿ, ಪೂರ್ತಿ."

"ನಂಗೆ ಕಾಲರ್ ಬಿಟ್ಟು ಬೇರೇನು ಬರುತ್ತೆ?" ಅಂದ್ರು.

ಎರಡು ವಾರ ಆ ಮಾತು ಬರಲಿಲ್ಲ. ಒಂದಿನ ಕೆಲಸದಿಂದ ಬಂದು ನೋಡ್ತೀನಿ, ಆ ನೂರೈವತ್ತು ರೂಪಾಯಿ ಶರ್ಟನ್ನ ಬ್ಲೇಡ್‌ನಿಂದ ಒಂದೊಂದೇ ಹೊಲಿಗೆ ಬಿಚ್ಚಿ, ತೋಳು, ಬೆನ್ನು, ಭುಜ, ಜೇಬು ಅಂತ ನೆಲದ ಮೇಲೆ ಬೇರೆ ಬೇರೆ ಹರಡಿದ್ದಾರೆ. ಅದರ ಮೇಲೆ ನ್ಯೂಸ್‌ಪೇಪರ್ ಇಟ್ಟು ಗೀಟು ಎಳೀತಿದ್ದಾರೆ. ಬಟ್ಟೆಗೆ ತಮ್ಮದೇ ಒಂದು ಹಳೇ ಕಾಟನ್ ಸೀರೆ, ಅಂಚು ಹರಿದಿದ್ದು. ಕಾಲರ್ ಹತ್ತು ನಿಮಿಷದಲ್ಲಿ ಮುಗೀತು. ತೋಳಿಗೆ ನಾಲ್ಕು ದಿನ ಬೇಕಾಯ್ತು, ಮೂರು ಸಲ ಬಿಚ್ಚಿದ್ರು.

ಶರ್ಟ್ ಆಯ್ತು. ಅಮ್ಮ ಅದನ್ನ ಒಳಗೆ ಹೊರಗೆ ಮಾಡಿದ್ರು, ಲೈಟಿಗೆ ಹಿಡಿದ್ರು, ಟೇಪ್ ಇಟ್ಟು ಅಳೆದ್ರು. ಎಡಗಡೆ ತೋಳು ಕಾಲು ಇಂಚು ಉದ್ದ. "ರಿಜೆಕ್ಟು" ಅಂದ್ರು.

ನಾನೀಗ ಅದನ್ನೇ ಹಾಕ್ಕೊಂಡು ಕೂತು ಈ ಸಂಚಿಕೆ ರೆಕಾರ್ಡ್ ಮಾಡ್ತಿದ್ದೀನಿ. ಎಡಗಡೆ ತೋಳನ್ನ ಒಂದು ಮಡಿಕೆ ಮಡಚಿದ್ದೀನಿ, ಯಾರಿಗೂ ಗೊತ್ತಾಗಲ್ಲ.

ಈ ಭಾನುವಾರ ನೀವೂ ಬಜಾರಿಗೆ ಹೋಗಿ, ಇಲ್ಲಾಂದ್ರೆ ನಿಮ್ಮದೇ ಬೀರು ತೆಗೀರಿ. ಗುಂಡಿ ಬಿದ್ದುಹೋದ ಒಂದು ಬಟ್ಟೆ ಖಂಡಿತ ಸಿಗುತ್ತೆ. ಅಲ್ಲಿಂದ ಶುರು ಮಾಡಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗ್ತೀನಿ. ಅಲ್ಲಿವರೆಗೂ ನಮಸ್ಕಾರ.